ವೀರಗಲ್ಲು, ಯುದ್ಧದ ಸಿನಿಮಾ, ನಮ್ಮೂರಿಗೆ ಬಂದ ಬೋಗಿ

ಯುದ್ಧದ ಕತೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸೋದು ಸಿನಿಮಾದಿಂದ ಶುರುವಾದ್ದಲ್ಲ. ಕನ್ನಡನಾಡಿನ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರೋದು. ಅವನ ಮನೆ ಮಾತ್ರ ಎಲ್ಲೂ ಇಲ್ಲ. ಹೆಂಡತಿ ಗಂಡನ ಹಿಂದೆ ಚಿತೆಗೆ ಹೋದರೆ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಒಂದು ಕೈಯಾಗಿ ಬರುತ್ತಾಳೆ. ಬದುಕಿ ಉಳಿದು ಮಕ್ಕಳನ್ನು ಸಾಕಿದವಳಿಗೆ ಕಲ್ಲಿಲ್ಲ.

ಲಾವಣಿಯೂ ಹೆಚ್ಚಾಗಿ ವೀರ ಬಿದ್ದ ಕಡೆಗೇ ಮುಗಿಯುತ್ತದೆ. ಬಹಳ ಯುದ್ಧದ ಸಿನಿಮಾಗಳದ್ದೂ ಅದೇ ದಾರಿ. ಗುಂಡು, ಬಾವುಟ, ಸಲ್ಯೂಟು, ಅಷ್ಟೇ.

1990ರಲ್ಲಿ ರಾಜೇಂದ್ರಸಿಂಗ್ ಬಾಬು ಮಾಡಿದ ‘ಮುತ್ತಿನ ಹಾರ’ ಹಾಗಲ್ಲ. ವಿಷ್ಣುವರ್ಧನ್ ಕೊಡಗಿನ ಸಿಪಾಯಿ, ಸುಹಾಸಿನಿ ನರ್ಸು. ಗಂಡ ಹೆಂಡತಿ ಇಬ್ಬರೂ ದೇಶಕ್ಕೆ ದುಡಿಯೋರು. ಯುದ್ಧ ಅವರ ಮಗನನ್ನೂ ಬಿಡೋದಿಲ್ಲ. ಗೆದ್ದರೂ ಆ ತಾಯಿಗೆ ಏನು ಬಂತು ಅಂತ ನೋಡೋರ ಹೊಟ್ಟೆ ಉರಿಯುತ್ತದೆ.

2024ರ ತಮಿಳು ‘ಅಮರನ್’, 2014ರಲ್ಲಿ ಕಾಶ್ಮೀರದಲ್ಲಿ ಮಡಿದ ಮೇಜರ್ ಮುಕುಂದ್ ವರದರಾಜನ್ ಅವರ ಕತೆ. ಅದನ್ನು ಅವರ ಹೆಂಡತಿಯ ಕಣ್ಣಿನಿಂದ ಹೇಳಿದ್ದಾರೆ. 2015ರಲ್ಲಿ ಗಂಡನ ಅಶೋಕ ಚಕ್ರವನ್ನು ಕೈಯೊಡ್ಡಿ ತಗೊಂಡೋರು ಆಕೆಯೇ.

ಇವೆಲ್ಲ ಹೆಸರು ಪಡೆದ ವೀರರ ಮನೆ. ಪದಕ ಬಾರದವರ ಮನೆ ಏನಾಯಿತು? ಅದನ್ನು ಕೇಳೋಕೆ ನಮ್ಮ ಪೋತ್ತನೂರಿಗಿಂತ ಬೇರೆ ಊರು ಬೇಕಿಲ್ಲ. 1921ರ ನವೆಂಬರಿನಲ್ಲಿ, ಮಲಬಾರಿನ ಮಾಪಿಳ್ಳೆ ದಂಗೆಯಲ್ಲಿ ಹಿಡಿದ ಸುಮಾರು 100 ಕೈದಿಗಳನ್ನು ಬ್ರಿಟಿಷರು ತಿರೂರಿನಲ್ಲಿ ಒಂದೇ ಗೂಡ್ಸ್ ಬೋಗಿಗೆ ತುಂಬಿ ಬಾಗಿಲು ಹಾಕಿದರು. ಹೋಗಬೇಕಾಗಿದ್ದು ಬಳ್ಳಾರಿ ಜೈಲಿಗೆ. ಒಳಗೆ ಗಾಳಿಯಿಲ್ಲ, ನೀರಿಲ್ಲ. ಪೋತ್ತನೂರಿನಲ್ಲಿ ಬಾಗಿಲು ತೆಗೆದಾಗ 56 ಮಂದಿ ಸತ್ತಿದ್ದರು. ಆಮೇಲೂ ಹಲವರು ಸತ್ತರು. ಹೆಣಗಳನ್ನು ತಿರೂರಿಗೆ ವಾಪಸು ಕಳಿಸಿದರು. ಇವರು ಕಾಳಗದಲ್ಲಿ ಬಿದ್ದವರಲ್ಲ, ಕೈಕಟ್ಟಿಸಿಕೊಂಡು ಉಸಿರುಗಟ್ಟಿ ಸತ್ತವರು. ಆ ದಂಗೆಯ ಮೇಲೆ ಐ. ವಿ. ಶಶಿ 1988ರಲ್ಲಿ ‘1921’ ಅಂತ ಮಲಯಾಳ ಸಿನಿಮಾ ಮಾಡಿದರು. ಆದರೆ ಒಂದು ಸಿನಿಮಾದಲ್ಲಿ ಅಷ್ಟೊಂದು ಮನೆಗಳ ಗೋಳು ಹಿಡಿಸೀತೇ?

ಯುದ್ಧದ ಸಿನಿಮಾ ನೋಡಿ ಬಂದ ಮಕ್ಕಳನ್ನು ಮೇಷ್ಟ್ರುಗಳು ‘ಯಾರು ಗೆದ್ದರು’ ಅಂತ ಕೇಳಲಿ, ಬೇಡ ಅನ್ನೋದಿಲ್ಲ. ‘ಸತ್ತವನ ಮನೆಯಲ್ಲಿ ಯಾರಿದ್ದರು, ಆಮೇಲೆ ಹೇಗೆ ಬದುಕಿದರು’ ಅಂತಲೂ ಕೇಳಲಿ. ಒಂದು ದಿನ ನಮ್ಮ ಸ್ಟೇಷನ್ನಿಗೆ ಕರ್ಕೊಂಡು ಹೋಗಿ ಆ ಬೋಗಿಯ ಕತೆಯನ್ನೂ ಹೇಳಲಿ.