ಮುಡಿಪು: ಕಟ್ಟಿದ್ದು, ಒಪ್ಪಿಸಿದ್ದು

ಮುಡಿ ಎಂದರೆ ಕಟ್ಟು. ಕೂದಲನ್ನು ಸುತ್ತಿ ಕಟ್ಟಿದರೆ ಮುಡಿ, ಅದಕ್ಕೆ ಹೂವು ಸಿಕ್ಕಿಸಿದರೆ ಮುಡಿದದ್ದು. ಕರಾವಳಿಯಲ್ಲಿ ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗದಲ್ಲೇ ಬಿಗಿದು ಗುಂಡಗೆ ಮಾಡಿದ್ದೂ ಮುಡಿಯೇ. ಮುಡಿಗೆ 42 ಸೇರಿನ ಲೆಕ್ಕದಲ್ಲಿ ಅಲ್ಲಿ ಗೇಣಿ ಸಂದಾಯವಾಗುತ್ತಿದ್ದ ಕಾಲವಿತ್ತು. ಅದೇ ಬೇರಿನ ಮಾತು ಮುಡಿಪು: ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿಟ್ಟ ದೇವರ ಕಾಸು. ತಮಿಳರಿಗೆ ಮುಡಿಪ್ಪು ಎಂದರೆ ಹಣದ ಗಂಟು, ಮುಖಂಡರಿಗೆ ಸಭೆಯಲ್ಲಿ ಅರ್ಪಿಸುವ ನಿಧಿಗೂ ಅದೇ ಹೆಸರು. ತೆಲುಗಿನಲ್ಲಿ ಮುಡುಪು ದೇವರದ್ದೂ ಹೌದು, ಆದರೆ ಅಲ್ಲಿನ ಪತ್ರಿಕೆಗಳಲ್ಲಿ 'ಮುಡುಪುಲು' ಎಂದು ಕಂಡರೆ ಬಹುಪಾಲು ಲಂಚದ ಸುದ್ದಿ.

ಕನ್ನಡದಲ್ಲಿ ಈ ಪದ ಬೇರೆ ದಾರಿ ಹಿಡಿದು ಮೇಲಕ್ಕೆ ಹೋಯಿತು. ನಾಡುನುಡಿಗೆ ಬದುಕನ್ನೇ ಮುಡಿಪಾಗಿಟ್ಟವರು, ಶಿಕ್ಷಣಕ್ಕೆ ಜೀವ ಮುಡಿಪಾಗಿಟ್ಟವರು, ಕಲೆಗೆ ಮುಡಿಪಾದವರು. ಸನ್ಮಾನಪತ್ರ, ಶ್ರದ್ಧಾಂಜಲಿ, ಅಭಿನಂದನ ಗ್ರಂಥದ ಮುನ್ನುಡಿ ಎಲ್ಲದರಲ್ಲೂ ಅದಿದೆ. ಈ ಬಳಕೆಯ ಬಗ್ಗೆ ನನಗೆ ದ್ವೇಷವಿಲ್ಲ. ಕೆಲವರು ನಿಜಕ್ಕೂ ಹಾಗೆ ಬದುಕಿದ್ದಾರೆ. ಆದರೆ ನನ್ನ ಅಜ್ಜಿ ಮುಡಿಪು ಕಟ್ಟುತ್ತಿದ್ದುದನ್ನು ಪಕ್ಕದಲ್ಲೇ ಕೂತು ನೋಡಿ ಬೆಳೆದವನಿಗೆ ಆ ಮಾತು ಒಂದು ಹಿಡಿ ಗಾತ್ರದ್ದು, ತೂಕವೂ ಅಷ್ಟೇ. ಅದು ಅಷ್ಟು ಚಿಕ್ಕದಾಗಿದ್ದುದರಲ್ಲೇ ಅದರ ಶಕ್ತಿಯಿತ್ತು ಎಂದು ನಾನು ನಂಬಿದ್ದೇನೆ.

ಅಜ್ಜಿಯದ್ದು ಸಾಗರ ತಾಲೂಕು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ನಡೆಯಿತಲ್ಲ, ಆ ಸೀಮೆ. ಅಜ್ಜ ಗೇಣಿದಾರ. ಮನೆಯಲ್ಲಿ ದುಡ್ಡು ಓಡಾಡುತ್ತಿದ್ದುದೇ ಕಮ್ಮಿ, ಓಡಾಡಿದ್ದೂ ಗಂಡಸರ ಕಿಸೆಯಲ್ಲಿ. ಅಜ್ಜಿಗೆ ತನ್ನದೆಂಬ ಕಾಸು ಬರುತ್ತಿದ್ದುದು ಎರಡು ಕಡೆಯಿಂದ. ಒಂದು, ಮನೆಯ ಬೆನ್ನಿಗಿದ್ದ ಸೂಜಿಮೆಣಸಿನ ಗಿಡಗಳು. ಇನ್ನೊಂದು, ಅಡಿಕೆ ಕೊಯ್ಲಿನ ಕಾಲದಲ್ಲಿ ಬೇರೆಯವರ ಅಂಗಳದಲ್ಲಿ ರಾತ್ರಿ ಕೂತು ಅಡಿಕೆ ಸುಲಿಯುವುದು. ಮೆಟ್ಟುಗತ್ತಿಯ ಮಣೆಯ ಮೇಲೆ ಒಂದು ಕಾಲು ಮಡಚಿ ಕೂತರೆ, ಏಳುವಾಗ ಸೊಂಟ ಹಿಡಿದಿರುತ್ತಿತ್ತು. ಹಸಿ ಅಡಿಕೆಯ ಚೊಗರಿಗೆ ಬೆರಳುಗಳು ಕಪ್ಪಾಗಿ, ಕೊಯ್ಲು ಮುಗಿದು ಎಷ್ಟೋ ದಿನದವರೆಗೆ ಹಾಗೇ ಉಳಿಯುತ್ತಿದ್ದವು. ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಕೂಲಿ ಕೊಡುತ್ತಿದ್ದರು.

ಮುಡಿಪಿನ ಕಾಸು ಈ ಹಣದಿಂದಲೇ ಬರಬೇಕು. ಇದು ಅಜ್ಜಿ ತನಗೇ ಹಾಕಿಕೊಂಡ ಕಟ್ಟಳೆ. ಮಗುವಿಗೆ ಜ್ವರ ಏರಿದ ರಾತ್ರಿ ಅಜ್ಜ ಕಿಸೆಯಿಂದ ನಾಣ್ಯ ತೆಗೆದು ಕೊಟ್ಟರೂ ಅವಳು ಅದನ್ನು ಅಕ್ಕಿ ಡಬ್ಬಿಯ ಪಕ್ಕ ಇಟ್ಟು, ತನ್ನ ಎಲೆಯಡಿಕೆ ಸಂಚಿಯನ್ನೇ ಹುಡುಕುತ್ತಿದ್ದಳಂತೆ. "ಅದು ನಿಮ್ದು. ನಿಮ್ ಹರಕೆ ನೀವೇ ಹೇಳ್ಕಳಿ" ಎನ್ನುತ್ತಿದ್ದಳೆಂದು ಅತ್ತೆ ಈಗಲೂ ನೆನೆಯುತ್ತಾರೆ. ದೇವರಿಗೆ ಕೊಡುವುದು ಕೊಡುವವರ ಸ್ವಂತದ್ದಾಗಿರಬೇಕು ಎಂಬುದರಲ್ಲಿ ಅವಳಿಗೆ ಯಾವ ಗೊಂದಲವೂ ಇರಲಿಲ್ಲ.

ಕಟ್ಟುವ ಕ್ರಮವೂ ಸರಳ. ಹಳೆಯ ಬಿಳಿ ಪಂಚೆಯ ತುಂಡನ್ನು ಅರಿಶಿನದ ನೀರಿಗೆ ಅದ್ದಿ ಒಣಗಿಸಿಟ್ಟುಕೊಂಡಿರುತ್ತಿದ್ದಳು. ದೀಪ ಹಚ್ಚಿ, ಒಂದೂಕಾಲು ರೂಪಾಯಿಯನ್ನು ಅದರಲ್ಲಿಟ್ಟು, ಯಾವ ಕಷ್ಟಕ್ಕೆ ಎಂಬುದನ್ನು ಬಾಯಿಬಿಟ್ಟು ಹೇಳಿ ಗಂಟು ಹಾಕುವುದು. ಮಂಜುನಾಥನದ್ದಾದರೆ ಒಂದು ಗಂಟು, ತಿಮ್ಮಪ್ಪನದ್ದಾದರೆ ಎರಡು. ಓದು ಬಾರದ ಅವಳಿಗೆ ಅದೇ ವಿಳಾಸ. ಆಮೇಲೆ ಅದು ದೇವರ ಗೂಡಿನ ಪಕ್ಕದ ಮರದ ಪೆಟ್ಟಿಗೆ ಸೇರುತ್ತಿತ್ತು. ಹರಕೆ ಬರೀ ಮಾತು, ಮರೆತುಹೋಗಬಹುದು. ಮುಡಿಪು ಕಣ್ಣಿಗೆ ಕಾಣುತ್ತದೆ, ಪೆಟ್ಟಿಗೆ ತೆಗೆದಾಗಲೆಲ್ಲ ಕೈಗೆ ತಾಗುತ್ತದೆ.

ಪೆಟ್ಟಿಗೆಯೊಳಗಿನ ಆ ಕಾಸನ್ನು ಮುಟ್ಟುವಂತಿರಲಿಲ್ಲ. ಮಳೆಗಾಲದ ಕೊನೆಗೆ ಉಪ್ಪಿಗೂ ಕಾಸಿಲ್ಲದ ದಿನಗಳಿರುತ್ತಿದ್ದವು. ಆಗ ಅವಳು ಪಕ್ಕದ ಮನೆಯಿಂದ ಉಪ್ಪು ಕಡ ತರುತ್ತಿದ್ದಳೇ ಹೊರತು ಪೆಟ್ಟಿಗೆಗೆ ಕೈಹಾಕುತ್ತಿರಲಿಲ್ಲ. ಜಾತ್ರೆಗೆಂದು ಕಾಸು ಬೇಡಿ ನಾನು ಹಟ ಹಿಡಿದಾಗ ಹೇಳಿದ್ದು ಇಷ್ಟೇ: "ಅದು ನಂದಲ್ಲ ತಮ್ಮಾ. ನನ್ ಹತ್ರ ಇದೆ ಅಷ್ಟೇಯ." ನಂಬಿಗೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿದೆ. ತಿಮ್ಮಪ್ಪ ಮದುವೆಗಾಗಿ ಕುಬೇರನಲ್ಲಿ ಸಾಲ ಮಾಡಿದವನು, ಅದನ್ನು ತೀರಿಸಲು ಭಕ್ತರಿಂದ ಕಾಸು ಕೂಡಿಸುತ್ತಿರುವವನು ಎಂಬ ಕಥೆಯಿದೆ. ತೆಲುಗರು ಅವನನ್ನು 'ವಡ್ಡಿಕಾಸುಲವಾಡು', ಬಡ್ಡಿಕಾಸಿನವನು, ಎಂದು ಪ್ರೀತಿಯಿಂದಲೇ ಕರೆಯುತ್ತಾರೆ. ಧರ್ಮಸ್ಥಳದ ಮಂಜುನಾಥನಿಗೆ ಕಾಸಿಗಿಂತ ಮಾತು ಮುಖ್ಯ. ಅಲ್ಲಿಯ ಆಣೆಗೆ ಹೆದರದವರು ಕಡಿಮೆ. ಅಜ್ಜಿ ಕಷ್ಟಗಳನ್ನು ಇದಕ್ಕೆ ತಕ್ಕಂತೆ ಹಂಚಿದ್ದಳು. ಕಾಯಿಲೆ, ಬೆಳೆ, ಹೆರಿಗೆ ತಿಮ್ಮಪ್ಪನಿಗೆ. ನ್ಯಾಯ, ಜಗಳ, ಕಾಗದಪತ್ರ ಮಂಜುನಾಥನಿಗೆ.

ಅವಳ ಬದುಕಿನ ದೊಡ್ಡ ಮುಡಿಪು ಕಾಗದಪತ್ರದ್ದೇ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು, ಉಳುವವನೇ ಒಡೆಯ ಎಂದಾಯಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ತಾಲೂಕಿನ ಭೂನ್ಯಾಯಮಂಡಳಿ ತೀರ್ಮಾನಿಸಬೇಕು. ಅರ್ಜಿ ಹಾಕುವುದೆಂದರೆ ತಲೆಮಾರುಗಳಿಂದ ಕೈಮುಗಿದು ನಿಂತ ಮನೆಯೆದುರು ತಲೆಯೆತ್ತುವುದು. ಅಜ್ಜ ಹಿಂಜರಿದರು. ಅಜ್ಜಿ ಒಂದು ಗಂಟಿನ ಮುಡಿಪು ಕಟ್ಟಿ ಅಜ್ಜನ ಮುಂದಿಟ್ಟು, "ನಾ ಹೇಳ್ಕಂಡಾಯ್ತು. ಇನ್ ನೀವು ಹೋಗದಿದ್ರೆ ಸುಳ್ಳಾಡ್ದವ್ಳು ನಾನಾಗ್ತೆ" ಎಂದಳಂತೆ. ಅಜ್ಜ ಮರುದಿನ ಸಾಗರದ ಬಸ್ಸು ಹತ್ತಿದರು. ದೇವರಿಗೆ ಕೊಟ್ಟ ಮಾತು ಮನುಷ್ಯರಿಗೂ ಬೆನ್ನು ಕೊಡುತ್ತದೆ ಎಂಬುದು ನಮ್ಮ ಮನೆಯಲ್ಲಿ ಹೀಗೆ ಗೊತ್ತಾಯಿತು. ಭೂಮಿ ಹೆಸರಿಗಾದ ಮೇಲೆ ಇಬ್ಬರೂ ಆಗುಂಬೆ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋದರು. ಗಂಟು ಬಿಚ್ಚದೆಯೇ ಹುಂಡಿಗೆ ಹಾಕಿ, ಪಂಕ್ತಿಯಲ್ಲಿ ಊಟ ಮಾಡಿ, ರಾತ್ರಿ ಅಲ್ಲೇ ಮಲಗಿ ಬಂದರು. ಅವರಿಬ್ಬರೇ ಜೊತೆಯಾಗಿ ಮಾಡಿದ ಪ್ರಯಾಣ ಅದೊಂದೇ.

ಕಾಲು ರೂಪಾಯಿಗೆ 2011ರಲ್ಲಿ ಮರಣ ಬಂತು. ಆ ವರ್ಷದ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು ಚಲಾವಣೆ ಕಳೆದುಕೊಂಡವು. ಒಂದೂಕಾಲು ಎಂಬ ಲೆಕ್ಕಕ್ಕೇ ನಾಣ್ಯವಿಲ್ಲವಾಯಿತು. ಮೊಮ್ಮಕ್ಕಳು ಹನ್ನೊಂದು ರೂಪಾಯಿ ಕಟ್ಟು ಎಂದು ಸಲಹೆ ಕೊಟ್ಟೆವು. ಅಜ್ಜಿ ಕೂಡಿಟ್ಟಿದ್ದ ನಾಲ್ಕಾಣೆಗಳನ್ನು ಎಣಿಸಿ, "ಸರ್ಕಾರಕ್ಕೆ ಬ್ಯಾಡಾದ್ರೆ ದೇವ್ರಿಗೂ ಬ್ಯಾಡ್ವಾ?" ಎಂದಳು. ಕೊನೆಕೊನೆಗೆ ಅವಳ ಗಂಟುಗಳಲ್ಲಿ ಎರಡು ರೂಪಾಯಿಯ ಜೊತೆ ಒಂದು ನಾಲ್ಕಾಣೆ ಇರುತ್ತಿತ್ತು: ನಡೆಯುವ ಹಣ ಹುಂಡಿಗೆ, ನಡೆಯದ ಹಣ ಹಳೆಯ ಮಾತಿಗೆ.

ಪದದ ವಿಷಯಕ್ಕೆ ಬರುತ್ತೇನೆ. ಅಜ್ಜಿಯ ಮಾತಿನಲ್ಲಿ ಮುಡಿಪಿಗೆ ಎರಡು ಕ್ರಿಯಾಪದ: ಕಟ್ಟುವುದು, ಒಪ್ಪಿಸುವುದು. ಕಟ್ಟಿದವಳು ಒಪ್ಪಿಸುವವರೆಗೆ ಋಣಿ, ಒಪ್ಪಿಸಿದ ಮೇಲೆ ಹಗುರ. ನಮ್ಮ ಭಾಷಣಗಳಲ್ಲಿ ಎರಡೂ ಹೋಗಿ 'ಇಡು' ಒಂದೇ ಉಳಿದಿದೆ. ಮುಡಿಪಾಗಿಟ್ಟರು, ಅಷ್ಟೇ. ಇಟ್ಟದ್ದು ಯಾರ ಕೈ, ಸೇರಿದ್ದು ಯಾರಿಗೆ ಎಂದು ಕೇಳುವವರಿಲ್ಲ. ಸಾರ್ವಜನಿಕ ಬದುಕಿನವರ ವಿಷಯದಲ್ಲಿ ಇದನ್ನು ಸಹಿಸಬಹುದು. ಮನೆಯ ಹೆಂಗಸರ ವಿಷಯದಲ್ಲಿ ನನಗೆ ಸಹಿಸಲಾಗುವುದಿಲ್ಲ. 'ಕುಟುಂಬಕ್ಕಾಗಿ ತನ್ನ ಜೀವನವನ್ನೇ ಮುಡಿಪಾಗಿಟ್ಟ ತಾಯಿ' ಎಂದು ಎಷ್ಟು ಕಾರ್ಡುಗಳಲ್ಲಿ ಓದಿಲ್ಲ! ಆಯ್ಕೆಯನ್ನೇ ಕೊಡದೆ ದುಡಿಸಿಕೊಂಡ ಬದುಕುಗಳನ್ನೂ ನಾವು ಈ ಅರಿಶಿನದ ಬಟ್ಟೆಯಲ್ಲೇ ಸುತ್ತಿಬಿಡುತ್ತೇವೆ. ಅಜ್ಜಿ ಬೆಳಿಗ್ಗೆ ಕೊಟ್ಟಿಗೆಯಿಂದ ರಾತ್ರಿ ಒಲೆಯ ಕೆಂಡ ಮುಚ್ಚುವವರೆಗೆ ನಮಗಾಗಿ ದುಡಿದಳು, ನಿಜ. ಅದನ್ನು ಅವಳು ಎಂದೂ ಮುಡಿಪು ಎಂದು ಕರೆಯಲಿಲ್ಲ, ಕೆಲಸ ಎಂದಳು. ಸಾಕಾದಾಗ ಸಾಕಾಯಿತು ಎಂದೂ ಹೇಳಿದಳು. ಮುಡಿಪು ಎಂಬ ಮಾತನ್ನು ಅವಳು ತನ್ನದೇ ದುಡಿಮೆಯ, ತನ್ನದೇ ಇಷ್ಟದ ಆ ಚಿಕ್ಕ ಗಂಟಿಗೆ ಮಾತ್ರ ಬಳಸುತ್ತಿದ್ದಳು.

ಕಾಲು ಸೋತ ಮೇಲೆ ಯಾತ್ರೆಗೆ ಹೊರಟವರ ಕೈಯಲ್ಲಿ ಗಂಟು ಕಳಿಸತೊಡಗಿದಳು. ಹೋಗಿ ಬಂದವರಿಗೆ ಕಾಫಿ ಕೊಡುವ ಮೊದಲೇ "ನೀನೇ ಕೈಯಾರ ಹಾಕ್ದ್ಯಾ?" ಎಂಬ ಪ್ರಶ್ನೆ. ಅವಳು ತೀರಿಕೊಂಡ ಮೇಲೆ ಅತ್ತೆ ಪೆಟ್ಟಿಗೆ ತೆಗೆದರು. ಮಡಚಿಟ್ಟ ಅರಿಶಿನದ ಬಟ್ಟೆಯ ತುಂಡುಗಳಿದ್ದವು, ಎಲೆಯಡಿಕೆ ಸಂಚಿಯಿತ್ತು. ಗಂಟು ಒಂದೂ ಇರಲಿಲ್ಲ.

ಉತ್ತರಕ್ರಿಯೆಯ ಕಾರ್ಡು ಅಚ್ಚಿಗೆ ಹೋಗುವಾಗ, ಪ್ರೆಸ್ಸಿನವರು ಯಾವಾಗಲೂ ಹಾಕುವ ಆ 'ಮುಡಿಪಾಗಿಟ್ಟ' ಸಾಲನ್ನು ತೆಗೆಸಬೇಕೆಂದು ದೊಡ್ಡಪ್ಪನನ್ನು ಕೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಒಪ್ಪಿ, ಬದಲಿಗೆ ತಾವೇ ಬರೆದುಕೊಟ್ಟರು: ನಮ್ಮ ಅವ್ವ ಕಟ್ಟಿದ ಮುಡಿಪನ್ನೆಲ್ಲ ಒಪ್ಪಿಸಿ ಹೋದಳು.