ಯಂತ್ರನಿಯಂತ್ರಣದ ಮುಕ್ತ ತಂತ್ರಾಂಶ ಮತ್ತು ಕೆಲಸಗಾರನ ಪಾಲು

ಕಬ್ಬಿಣ, ಅಲ್ಯೂಮಿನಿಯಂ ಮೊದಲಾದ ಲೋಹಗಳನ್ನು ಕೊರೆದು ಅಳತೆಗೆ ತಕ್ಕ ರೂಪಕ್ಕೆ ತರುವ ಯಂತ್ರಗಳನ್ನು ಇಂದು ಬಹುಮಟ್ಟಿಗೆ ಗಣಕಗಳು ನಡೆಸುತ್ತಿವೆ. ಈ ಗಣಕಗಳಲ್ಲಿ ಅಡಕವಾಗಿರುವ ತಂತ್ರಾಂಶವು ಸಾಮಾನ್ಯವಾಗಿ ಅದನ್ನು ತಯಾರಿಸಿದ ಕಂಪೆನಿಯ ಸ್ವತ್ತು. ಅದರ ಒಳಗನ್ನು ನೋಡುವ, ತಿದ್ದುವ ಅಧಿಕಾರವು ಯಂತ್ರವನ್ನು ಕೊಂಡವನಿಗೂ ಇಲ್ಲ, ನಡೆಸುವವನಿಗೂ ಇಲ್ಲ. ಇದಕ್ಕೆ ಹೊರತಾಗಿ, ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶಗಳಲ್ಲಿ ಲಿನಕ್ಸ್‌ಸಿಎನ್‌ಸಿ ಎಂಬುದು ಪ್ರಮುಖವಾದುದು. ಇಂಥ ಕಾರ್ಯಕ್ಕೆ ನೆರವಾಗುವುದೆಂದರೆ ಗಣಕದ ಸಂಕೇತಗಳನ್ನು ಬರೆಯುವುದೆಂದೇ ಹಲವರ ಎಣಿಕೆ. ಆದರೆ ಇದರ ಚರಿತ್ರೆಯನ್ನು ಮೊದಲಿನಿಂದ ಪರಿಶೀಲಿಸಿದರೆ, ಸಂಕೇತ ಬರೆಯಲಾರದ ಕೆಲಸಗಾರನ ಪಾಲು ಅದರಲ್ಲಿ ಕಿರಿದಲ್ಲವೆಂದೂ, ಸಂಖ್ಯಾನಿಯಂತ್ರಣವು ಹುಟ್ಟಿದ ಕಾಲದಲ್ಲಿ ಅವನ ಕೈಯಿಂದ ಜಾರಿದ ಒಂದು ಅಧಿಕಾರವು ಭಾಗಶಃ ಈ ದಾರಿಯಿಂದಲೇ ಅವನಿಗೆ ಮರಳಿತೆಂದೂ ವಿದಿತವಾಗುತ್ತದೆ.

ಸಂಖ್ಯಾನಿಯಂತ್ರಣದ ಮೂಲವು ವಿಮಾನ ನಿರ್ಮಾಣದಲ್ಲಿದೆ. ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಜಾನ್ ಪಾರ್ಸನ್ಸ್ ಎಂಬಾತನು ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದನು. ರೆಕ್ಕೆಯ ವಕ್ರರೇಖೆಯ ಮೇಲಣ ಬಿಂದುಗಳನ್ನು ಲೆಕ್ಕಮಾಡಿಟ್ಟುಕೊಂಡು, ಒಬ್ಬನು ಅಂಕೆಗಳನ್ನು ಗಟ್ಟಿಯಾಗಿ ಓದುತ್ತಿರಲು, ಇನ್ನಿಬ್ಬರು ಯಂತ್ರದ ಎರಡು ಹಿಡಿಗಳನ್ನು ಅದಕ್ಕೆ ಸರಿಯಾಗಿ ತಿರುಗಿಸುವ ಕ್ರಮವನ್ನು ಮೊದಲು ಅನುಸರಿಸಲಾಯಿತು. ಓದುವವನ ಮತ್ತು ತಿರುಗಿಸುವವರ ಸ್ಥಾನದಲ್ಲಿ ಯಂತ್ರವನ್ನೇ ನಿಲ್ಲಿಸಬಹುದೆಂಬುದು ಪಾರ್ಸನ್ಸನ ಊಹೆ. 1949ರಲ್ಲಿ ವಾಯುಸೇನೆಯ ಧನಸಹಾಯದಿಂದ ಆರಂಭವಾದ ಈ ಕಾರ್ಯವು ಮೆಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದ ಪ್ರಯೋಗಶಾಲೆಗೆ ಬಂದು, 1952ರಲ್ಲಿ ಸಿನ್ಸಿನಾಟಿ ಕಂಪೆನಿಯ ಮಿಲ್ಲಿಂಗ್ ಯಂತ್ರವೊಂದು ಕಾಗದದ ರಂಧ್ರಪಟ್ಟಿಯನ್ನೋದಿ ತಾನಾಗಿ ಚಲಿಸುವುದರಲ್ಲಿ ಪರ್ಯವಸಾನ ಹೊಂದಿತು. ಅದರ ನಿಯಂತ್ರಕದಲ್ಲಿ ನಿರ್ವಾತ ನಳಿಗೆಗಳಿದ್ದುವು.

ಅದೇ ಕಾಲದಲ್ಲಿ ಮತ್ತೊಂದು ಮಾರ್ಗವೂ ತೆರೆದಿತ್ತು. 1946-47ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಎಂಜಿನಿಯರುಗಳು, ನುರಿತ ಕೆಲಸಗಾರನು ಮೊದಲನೆಯ ವಸ್ತುವನ್ನು ತಯಾರಿಸುವಾಗ ಯಂತ್ರದ ಚಲನೆಗಳನ್ನು ಕಾಂತಪಟ್ಟಿಯಲ್ಲಿ ದಾಖಲಿಸಿ, ಮುಂದಿನವುಗಳನ್ನು ಅದರ ಅನುಕರಣದಿಂದ ಪಡೆಯುವ ವಿಧಾನವನ್ನು ರಚಿಸಿದ್ದರು. ಈ ವಿಧಾನವು ಹಿಂದುಳಿದು ಸಂಖ್ಯಾನಿಯಂತ್ರಣವೇ ಗೆದ್ದಿತು. ಇದಕ್ಕೆ ಆಡಳಿತವರ್ಗದ ಅಧಿಕಾರಾಪೇಕ್ಷೆಯೂ ಸೇನೆಯ ದ್ರವ್ಯಬಲವೂ ಕಾರಣವೆಂದು ಇತಿಹಾಸಕಾರ ಡೇವಿಡ್ ನೋಬಲ್ 1984ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದರು. ವಿಮಾನದ ಜಟಿಲವಾದ ವಕ್ರಭಾಗಗಳನ್ನು ಕೈಯಿಂದ ಒಮ್ಮೆಯಾದರೂ ಸರಿಯಾಗಿ ಕೊರೆಯುವುದು ಕಷ್ಟವಾದುದರಿಂದ, ಸಂಖ್ಯೆಯ ಮಾರ್ಗಕ್ಕೆ ತಾಂತ್ರಿಕ ಸಮರ್ಥನೆಯೂ ಇದ್ದಿತೆಂಬುದನ್ನು ಮರೆಯುವಂತಿಲ್ಲ. ಕಾರಣವೇನೇ ಇರಲಿ, ಪರಿಣಾಮವು ಸ್ಪಷ್ಟ: ಉಳಿಯು ಹೋಗಬೇಕಾದ ದಾರಿಯನ್ನು ನಿರ್ಣಯಿಸುವ ಕೆಲಸವು ಯಂತ್ರದ ಬಳಿಯಿಂದ ಕಚೇರಿಯ ಮೇಜಿಗೆ ಸರಿಯಿತು.

ಮುಂದಿನ ದಶಕಗಳಲ್ಲಿ ಯಂತ್ರಗಳಿಗೆ ಆಜ್ಞೆ ಕೊಡುವ ಸಂಕೇತಭಾಷೆಯೇನೋ ಜಿ-ಕೋಡ್ ಎಂಬ ಹೆಸರಿನಿಂದ ಪ್ರಮಾಣೀಕೃತವಾಯಿತು. ಆದರೆ ಒಂದೊಂದು ಕಂಪೆನಿಯೂ ಅದಕ್ಕೆ ತನ್ನದೇ ಆದ ಉಪಭಾಷೆಯನ್ನು ಸೇರಿಸಿತು. ನಿಯಂತ್ರಕಗಳು ಮುಚ್ಚಿದ ಪೆಟ್ಟಿಗೆಗಳಾಗಿಯೇ ಉಳಿದುವು. ಈ ತೊಡಕನ್ನು ನಿವಾರಿಸಲು, ಬೇರೆಬೇರೆ ತಯಾರಕರ ಭಾಗಗಳು ಒಂದಕ್ಕೊಂದು ಹೊಂದುವಂತಹ ರಚನೆಯನ್ನು ಪರೀಕ್ಷಿಸುವ ಉದ್ದೇಶದಿಂದ, 1990ರ ದಶಕದಲ್ಲಿ ಅಮೆರಿಕ ಸರ್ಕಾರದ ಪ್ರಮಾಣ ಮತ್ತು ತಂತ್ರಜ್ಞಾನ ಸಂಸ್ಥೆಯು ಇಎಂಸಿ ಎಂಬ ನಿಯಂತ್ರಕ ತಂತ್ರಾಂಶವನ್ನು ರಚಿಸಿತು. ಅಮೆರಿಕದ ಕೃತಿಸ್ವಾಮ್ಯ ಶಾಸನದ 105ನೆಯ ಪರಿಚ್ಛೇದದ ಪ್ರಕಾರ ಸರ್ಕಾರಿ ನೌಕರರು ಕರ್ತವ್ಯವಶಾತ್ ರಚಿಸಿದ ಕೃತಿಗೆ ಆ ದೇಶದಲ್ಲಿ ಸ್ವಾಮ್ಯವಿಲ್ಲ. ಆದುದರಿಂದ ಇಎಂಸಿಯು ಹುಟ್ಟಿನಿಂದಲೇ ಸಾರ್ವಜನಿಕರ ಸೊತ್ತಾಯಿತು. 2000ದ ಸುಮಾರಿಗೆ ಅದು ಸರ್ಕಾರಿ ಪ್ರಯೋಗಶಾಲೆಯಿಂದ ಸ್ವಯಂಸೇವಕರ ಕೈಗೆ ಬಂದಿತು. ಮುಂದೆ ಅವರು ರಚಿಸಿದ ಭಾಗಗಳು ಜಿಪಿಎಲ್ ಎಂಬ ಪರವಾನಗಿಗೆ ಒಳಪಟ್ಟುವು. ತಿದ್ದಿದ ತಂತ್ರಾಂಶವನ್ನು ಇತರರಿಗೆ ಹಂಚುವವನು ಅದರ ಮೂಲಸಂಕೇತವನ್ನೂ ಕೊಡತಕ್ಕುದೆಂಬುದು ಇದರ ಕಟ್ಟಳೆ.

ಈ ಸ್ವಯಂಸೇವಕರಲ್ಲಿ ಹಳೆಯ ಲೇತು, ಮಿಲ್ಲಿಂಗ್ ಯಂತ್ರಗಳನ್ನು ತಮ್ಮ ಮನೆಯ ಕೊಟ್ಟಿಗೆಗಳಲ್ಲಿ ಪುನರುಜ್ಜೀವನಗೊಳಿಸುತ್ತಿದ್ದವರೂ ಇದ್ದರು. ಇಂತಹವರಿಗೆ ದಾರಿ ತೆರೆದುದು ಹಾಲ್ ಎಂಬ ಪದರ. ತಂತ್ರಾಂಶವನ್ನು ಚಿಕ್ಕ ಚಿಕ್ಕ ಘಟಕಗಳಾಗಿ ವಿಂಗಡಿಸಿ, ಒಂದರ ತುದಿಯನ್ನು ಮತ್ತೊಂದರ ತುದಿಗೆ ತಂತಿ ಜೋಡಿಸಿದಂತೆ ಸೇರಿಸುವ ವ್ಯವಸ್ಥೆಯಿದು. ವಿದ್ಯುತ್ ಫಲಕಕ್ಕೆ ತಂತಿ ಎಳೆಯಬಲ್ಲವನು ಸಂಕೇತವನ್ನು ಮುಟ್ಟದೆಯೇ ತನ್ನ ಯಂತ್ರಕ್ಕೆ ಬೇಕಾದ ಜೋಡಣೆಯನ್ನು ಬರೆದು, ಅದನ್ನು ಮಾದರಿಯಾಗಿ ಇತರರಿಗೂ ನೀಡಬಹುದಾಯಿತು. ಕಾರ್ಖಾನೆಗಳ ಏಣಿಚಿತ್ರದ ತರ್ಕವನ್ನು ನಡೆಸುವ ಕ್ಲಾಸಿಕ್‌ಲ್ಯಾಡರ್ ಎಂಬ ಕಾರ್ಯಕ್ರಮವು ಬೇರೆಡೆಯಲ್ಲಿ ಸ್ವತಂತ್ರವಾಗಿ ಹುಟ್ಟಿ, ಅನಂತರ ಇದರೊಳಗೆ ಸೇರಿದುದು ಮತ್ತೊಂದು ಬಗೆಯ ಕೊಡುಗೆಗೆ ನಿದರ್ಶನ.

ಇನ್ನು ಯಂತ್ರದ ಬಳಿಯಲ್ಲಿ ನಿಂತವನಲ್ಲದೆ ಅನ್ಯರು ಮಾಡಲಾರದ ಕೆಲಸಗಳಿವೆ. ಯಂತ್ರವನ್ನು ನಡೆಸುವ ಗಣಕವು ಕ್ಷಣ ತಪ್ಪದೆ ಆಜ್ಞೆ ಕೊಡಬೇಕು. ಸಾಮಾನ್ಯವಾಗಿ ಸೆಕೆಂಡಿನ ಸಾವಿರದೊಂದಂಶಕ್ಕೆ ಒಮ್ಮೆ ಸ್ಥಾನದ ಲೆಕ್ಕ ನಡೆಯುತ್ತದೆ. ಇದರಲ್ಲಿ ಉಂಟಾಗುವ ವಿಳಂಬವು ಒಂದೊಂದು ಗಣಕಕ್ಕೆ ಒಂದೊಂದು ಪ್ರಮಾಣದಲ್ಲಿರುವುದರಿಂದ, ಯಾವ ಪ್ರಯೋಗಶಾಲೆಯೂ ಎಲ್ಲವನ್ನೂ ಅಳೆದು ಮುಗಿಸಲಾರದು. ಬಳಕೆದಾರರು ತಮ್ಮ ತಮ್ಮ ಗಣಕಗಳ ವಿಳಂಬವನ್ನು ಅಳೆದು ಒಂದೇ ಪಟ್ಟಿಯಲ್ಲಿ ಬರೆಯುತ್ತ ಬಂದರು; ಹೊಸಬನು ಯಾವ ಗಣಕವನ್ನು ಕೊಳ್ಳಬಹುದೆಂಬುದಕ್ಕೆ ಆ ಪಟ್ಟಿಯೇ ಆಧಾರವಾಯಿತು. ದೋಷದ ವರದಿಯೂ ಇಂತಹುದೇ. ತಂತ್ರಾಂಶದ ಆವೃತ್ತಿ, ಜೋಡಣೆಯ ಕಡತ, ದೋಷವನ್ನು ಮರಳಿ ತೋರಿಸುವ ಅತ್ಯಂತ ಚಿಕ್ಕ ಜಿ-ಕೋಡ್, ಉಳಿಯು ಹೋಗಬೇಕಾಗಿದ್ದ ದಾರಿ ಮತ್ತು ವಾಸ್ತವವಾಗಿ ಹೋದ ದಾರಿ, ಇವೆಲ್ಲವನ್ನೂ ಸ್ಪಷ್ಟವಾಗಿ ಬರೆದವನು ಅರ್ಧ ದುರಸ್ತಿಯನ್ನು ತಾನೇ ಮಾಡಿದಂತೆ. ಯಂತ್ರವಿಲ್ಲದವನಿಗೂ ಅನುಕರಣದ ಜೋಡಣೆಗಳು ದೊರೆಯುವುದರಿಂದ, ಅವನು ಪರದೆಯ ಮೇಲೆಯೇ ಪರೀಕ್ಷಿಸಬಹುದು. ಕೈಪಿಡಿಯನ್ನು ತಿದ್ದುವವರದೂ ಫ್ರೆಂಚ್, ಸ್ಪ್ಯಾನಿಷ್ ಮೊದಲಾದ ಭಾಷೆಗಳಿಗೆ ಅನುವಾದಿಸುವವರದೂ ಇದಕ್ಕೆ ಕಡಿಮೆಯಲ್ಲದ ಸೇವೆ. ತಪ್ಪು ತಿಳಿದ ಒಂದು ವಾಕ್ಯವು ಇಲ್ಲಿ ಬರಿಯ ತಪ್ಪಾಗಿ ಉಳಿಯದೆ, ಮುರಿದ ಉಳಿಯಾಗಿಯೂ ಗಾಯಗೊಂಡ ಕೈಯಾಗಿಯೂ ಪರಿಣಮಿಸಬಹುದು.

ಈ ಕಾರಣದಿಂದಲೇ ಮುಕ್ತತೆಗೆ ಮಿತಿಯೂ ಬೇಕಾಯಿತು. ಯಾರು ಬೇಕಾದರೂ ತಿದ್ದುಪಡಿಯನ್ನು ಸೂಚಿಸಬಹುದಾದರೂ, ಇತರರು ಪರಿಶೀಲಿಸಿದ ಮೇಲೆಯೇ ಅದು ಮೂಲಕ್ಕೆ ಸೇರುತ್ತದೆ. ತುರ್ತಾಗಿ ಯಂತ್ರವನ್ನು ನಿಲ್ಲಿಸುವ ವ್ಯವಸ್ಥೆಯನ್ನು ತಂತ್ರಾಂಶವೊಂದಕ್ಕೇ ಒಪ್ಪಿಸಕೂಡದೆಂದು ಕೈಪಿಡಿಯೇ ಎಚ್ಚರಿಸುತ್ತದೆ. 2011ರಲ್ಲಿ ಅದೇ ಮೂರಕ್ಷರಗಳ ಹೆಸರುಳ್ಳ ಕಂಪೆನಿಯೊಂದು ಆಕ್ಷೇಪಿಸಿದಾಗ ತಂತ್ರಾಂಶವು ತನ್ನ ಹೆಸರನ್ನು ಬಿಟ್ಟುಕೊಟ್ಟು ಲಿನಕ್ಸ್‌ಸಿಎನ್‌ಸಿ ಎನಿಸಿಕೊಂಡಿತು. ಹೆಸರು ಹೋದರೂ ಕೆಲಸವು ನಿಲ್ಲಲಿಲ್ಲ. ಏಕೆಂದರೆ ಅದರ ತಿರುಳು ಹೆಸರಿನಲ್ಲಾಗಲಿ ಒಬ್ಬ ಒಡೆಯನಲ್ಲಾಗಲಿ ಇರದೆ, ಹಲವರ ಬಳಿ ಹಂಚಿಹೋಗಿದ್ದಿತು.

ಈ ಚರಿತ್ರೆಯಿಂದ ಕೆಲಸಗಾರನು ಕಳೆದುಕೊಂಡುದೆಲ್ಲವೂ ಮರಳಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ದೊಡ್ಡ ಕಾರ್ಖಾನೆಗಳಲ್ಲಿ ಇಂದಿಗೂ ಮುಚ್ಚಿದ ಪೆಟ್ಟಿಗೆಗಳದೇ ಮೇಲುಗೈ. ಆದರೂ 1940ರ ದಶಕದಲ್ಲಿ ಕೈಬಿಟ್ಟುಹೋದ ಮಾರ್ಗದ ಅಂತರಾರ್ಥವೊಂದು ಇಲ್ಲಿ ಬೇರೆ ರೂಪದಲ್ಲಿ ಉಳಿದುಬಂದಿದೆ. ಅಂದು ಕಾಂತಪಟ್ಟಿಯಲ್ಲಿ ದಾಖಲಾಗುತ್ತಿದ್ದುದು ಕೆಲಸಗಾರನ ಕೈಯ ಚಲನೆ. ಇಂದು ವರದಿ, ಜೋಡಣೆ, ಅಳತೆಯ ಪಟ್ಟಿ ಮತ್ತು ಕೈಪಿಡಿಗಳಲ್ಲಿ ದಾಖಲಾಗುತ್ತಿರುವುದು ಅವನ ವಿವೇಚನೆ. ಪಟ್ಟಿಯು ಕಾರ್ಖಾನೆಯ ಒಡೆಯನಿಗೆ ಸೇರುತ್ತಿದ್ದಿತು. ಈ ಬರಹವು ಬರೆದವನಿಗೂ ಓದುವವನಿಗೂ ಸಮಾನವಾಗಿ ಸೇರಿದುದಾಗಿದೆ.