ಹಸುಳೆಯ ಅಭ್ಯಂಜನದ ಇತಿಹಾಸ

ಮುಳ್ಳೇರಿಯದ ಸುತ್ತಣ ಅಡಿಕೆ ತೋಟಗಳ ನಡುವಿನ ಹಳೆಯ ಮನೆಗಳಲ್ಲಿ ಹಸುಳೆಯ ಸ್ನಾನಪಾತ್ರೆ ಅಡಿಕೆಯ ಹಾಳೆಯಾಗಿತ್ತು. ದೋಣಿಯಂತೆ ಬಾಗಿದ, ನುಣುಪಾದ ಆ ಹಾಳೆಯಲ್ಲಿ ಕೂಸನ್ನು ಮಲಗಿಸಿ, ತೆಂಗಿನೆಣ್ಣೆ ಸವರಿ, ಹದಬಿಸಿ ನೀರೆರೆದು, ಹೆಸರುಹಿಟ್ಟಿನಿಂದ ಜಿಡ್ಡು ತೆಗೆಯುವುದು ಅಜ್ಜಿಯರ ವಿದ್ಯೆ. ಅದು ಬಾಯಿಪಾಠವೂ ಅಲ್ಲ. ಕೈಯಿಂದ ಕೈಗೆ ಸಾಗಿಬಂದ ಪಾಠ.

ಅದರ ಬೇರು ಪುರಾತನವಾದುದು. ಕ್ರಿ.ಶ. 7ನೆಯ ಶತಮಾನದ ಸುಮಾರಿನದೆಂದು ಎಣಿಸಲಾಗುವ ವಾಗ್ಭಟನ ‘ಅಷ್ಟಾಂಗಹೃದಯ’ವು ಕೇರಳದ ಅಷ್ಟವೈದ್ಯರಿಗೆ ಪ್ರಮಾಣಗ್ರಂಥ. ಅದರ ಉತ್ತರಸ್ಥಾನದ ಮೊದಲ ಅಧ್ಯಾಯವೇ ಶಿಶುವಿನ ಉಪಚಾರವನ್ನು ಕುರಿತದ್ದು. ಹುಟ್ಟಿದೊಡನೆ ಮೈಗಂಟಿದ ಬಿಳಿಯ ಲೇಪವನ್ನು, ಅಂದರೆ ಉಲ್ಬವನ್ನು, ಸೈಂಧವ ಲವಣ ಮತ್ತು ತುಪ್ಪದಿಂದ ತೆಗೆದು, ಬಳಲಿದ ಶಿಶುವಿಗೆ ಬಲಾತೈಲವನ್ನು ಎರೆಯಬೇಕೆಂದು ಅಲ್ಲಿ ವಿಧಿಸಿದೆ. ಸುಶ್ರುತಸಂಹಿತೆಯಂತೂ ತುಪ್ಪದಲ್ಲಿ ನೆನೆದ ಅರಳೆಯನ್ನು ನೆತ್ತಿಯ ಮೇಲಿರಿಸಲು ಹೇಳುತ್ತದೆ.

ತೆಂಗಿನ ನಾಡಾದ ಇಲ್ಲಿ ಮೈಗೂ ನೆತ್ತಿಗೂ ತೆಂಗಿನೆಣ್ಣೆಯೇ ಬಂದುದು ಸಹಜ. ಈ ಸೀಮೆಯು ಮದರಾಸಿನ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಲೂ, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೂ ಎಣ್ಣೆಯ ಬಟ್ಟಲು ಬದಲಾಗಲಿಲ್ಲ. ಬದಲಾವಣೆ ಬಂದುದು ಬೇರೆ ದಾರಿಯಿಂದ: ಹೆರಿಗೆ ಆಸ್ಪತ್ರೆಗೆ ಹೋಯಿತು, ಹಾಳೆಯ ಎಡೆಗೆ ಪ್ಲಾಸ್ಟಿಕ್ ತೊಟ್ಟಿ, ಹಿಟ್ಟಿನ ಎಡೆಗೆ ಸಾಬೂನು ಬಂದುವು.

ಈಗ ನಾವು ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಹಿಂದಿನವರು ಕೊಳೆಯೆಂದು ತೆಗೆದ ಉಲ್ಬವು ಎಳೆ ಚರ್ಮದ ತೇವವನ್ನು ಕಾಪಾಡುವ ಕವಚವೆಂದು ಇಂದಿನ ವೈದ್ಯಶಾಸ್ತ್ರವು ತಿಳಿದಿದೆ. ಹುಟ್ಟಿದ 24 ಗಂಟೆಗಳ ತನಕ ಸ್ನಾನವನ್ನು ಮುಂದೂಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಸೂಚಿಸಿತು. ಮೂಗಿಗೆ ಎಣ್ಣೆ ಬಿಡುವ ರೂಢಿಯನ್ನೂ ತ್ಯಜಿಸಬೇಕು. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಪುಡಿಯನ್ನು ಮೈಮೇಲೆ ಉದುರಿಸುವ ಹೊಸ ರೂಢಿಯೂ ನಿರಪಾಯಕಾರಿಯಲ್ಲ. ಧೂಳು ಉಸಿರಿನೊಡನೆ ಒಳಹೋಗುತ್ತದೆ.

ಆದರೆ ನೆತ್ತಿಯಲ್ಲಿ ಹಳದಿ ಹಕ್ಕಳೆ ಕಟ್ಟಿದಾಗ ಉಗುರಿನಿಂದ ಕೀಳದೆ, ಎಣ್ಣೆಯಿಂದ ಮೆದುಗೊಳಿಸಿ, ಮೃದುವಾಗಿ ಒರೆಸಿ ತೊಳೆಯುವ ಅಜ್ಜಿಯ ಕ್ರಮವನ್ನು ವೈದ್ಯರೂ ಒಪ್ಪುತ್ತಾರೆ. ನೀರಿನ ಬಿಸಿಯನ್ನು ಮೊಣಕೈಯಿಂದ ಅಳೆಯುವ ಎಚ್ಚರವೂ ಹಳತಾಗುವಂಥದಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಅಜ್ಜಿಯರನ್ನು ಕೇಳಿ ಈ ವಿದ್ಯೆಯನ್ನು ಬರೆದಿಡಿರಿ. ಬರೆದಿಟ್ಟ ಮೇಲೆಯೇ ಸರಿತಪ್ಪುಗಳ ಪರಿಶೀಲನೆ ಸಾಧ್ಯ. ಬರೆಯದೆ ಹೋದರೆ ತಪ್ಪಿನೊಡನೆ ಸರಿಯೂ ಅಳಿದುಹೋಗುವುದು.